ಬೆನ್ನಿಗೇರಿದ ಬಿರುಗಾಳಿ



ಡಿಸೆಂಬರ್ ಕಳೆಯುತ್ತಿದ್ದಂತೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ಎಲೆ ಉದುರುವ ಕಾಲ. ಗೇರು ತೋಟದಲ್ಲಿ ಬೀಜ ಬೀಳುವ ಮೊದಲು ಮರದ ಬುಡ ಚೊಕ್ಕಟವಾಗಬೇಕು. ಇಲ್ಲದಿದ್ದರೆ ತರಗೆಲೆಯ ಅಡಿಗೆ ಸೇರಿಕೊಂಡ ಬೀಜ ಹೆಕ್ಕುವವರ ಕಣ್ಣಿಗೇ ಬೀಳುವುದಿಲ್ಲ. ಕಾಫಿ ತೋಟದಲ್ಲಿ ಕೊಯ್ಲಿನ ನಂತರ ನೆಲಕ್ಕೆ ಬಿದ್ದ ಹಣ್ಣನ್ನು ಆಯದೆ ಬಿಟ್ಟರೆ ಕಾಯಿಕೊರಕ ಹುಳಕ್ಕೆ ಮುಂದಿನ ಬೆಳೆಯ ತನಕ ನಾವೇ ಮನೆ ಕಟ್ಟಿಕೊಟ್ಟಂತೆ. ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟದಿಂದ ದರಕು, ಅಂದರೆ ತರಗೆಲೆ, ಒಟ್ಟಿ ತಂದು ಕೊಟ್ಟಿಗೆಗೆ ಹಾಸಬೇಕು. ಇನ್ನು ಎಸ್ಟೇಟಿನ ರಸ್ತೆ, ಅಡಿಕೆ ಒಣಗಿಸುವ ಅಂಗಳ, ಹಂಚಿನ ಮಾಡು, ಚರಂಡಿ. ಇಷ್ಟಕ್ಕೆಲ್ಲ ಹಿಡಿಸೂಡಿ ಹಿಡಿದು ದಿನವಿಡೀ ಬಗ್ಗಿ ಗುಡಿಸುವವರು ಈಗ ಯಾವ ಊರಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೂ ಆ ಕೆಲಸಕ್ಕಿಂತ ಮುಖ್ಯವಾದ ಬೇರೆ ಹತ್ತು ಕೆಲಸ ಅವರಿಗಾಗಿ ಕಾದಿರುತ್ತವೆ. ಹೀಗಾಗಿ ಬೆನ್ನಿಗೆ ಹಾಕಿಕೊಳ್ಳುವ ಬ್ಲೋವರ್, ಅಂದರೆ ಎಲೆ ಊದುವ ಯಂತ್ರ, ಕಳೆ ಹೊಡೆಯುವ ಯಂತ್ರದ ಪಕ್ಕದಲ್ಲಿ ಜಾಗ ಮಾಡಿಕೊಂಡು ಕುಳಿತಿದೆ. ಅದನ್ನು ಕೊಳ್ಳುವಾಗ ಏನು ನೋಡಬೇಕು, ಯಾವ ಮಾತಿಗೆ ಕಿವಿಗೊಡಬಾರದು ಎಂಬುದು ಇವತ್ತಿನ ಮಾತು. ಕಂಪನಿಗಳ ಹೆಸರು ಹೇಳುವುದಿಲ್ಲ. ಬಾನುಲಿಯಲ್ಲಿ ಕುಳಿತು ಹೆಸರು ಹೇಳಿದರೆ ಅದು ಜಾಹೀರಾತಾಗುತ್ತದೆ. ಹೆಸರಿಗಿಂತ ಲೆಕ್ಕ ಗೊತ್ತಿರುವುದು ನಿಮಗೂ ಲಾಭ.

ಈ ಯಂತ್ರ ನಮಗೆ ತೀರ ಹೊಸದೇನಲ್ಲ. ಗೇರಿಗೆ ಬರುವ ಟೀ ಸೊಳ್ಳೆಗೆ ಔಷಧಿ ಹೊಡೆಯಲು ಬೆನ್ನಿಗೆ ಹಾಕಿಕೊಳ್ಳುವ ಮಿಸ್ಟ್ ಬ್ಲೋವರ್ ಎಷ್ಟೋ ಮನೆಗಳಲ್ಲಿ ಇತ್ತು, ಈಗಲೂ ಕೆಲವರ ಅಟ್ಟದಲ್ಲಿ ಇದೆ. ಎಲೆ ಊದುವ ಬ್ಲೋವರ್ ಹುಟ್ಟಿದ್ದೂ ಅಂಥ ಸಿಂಪರಣೆ ಯಂತ್ರದಿಂದಲೇ. ಔಷಧಿಯ ಡಬ್ಬಿ ತೆಗೆದರೆ ಉಳಿಯುವುದು ಎಂಜಿನ್, ಫ್ಯಾನು, ಕೊಳವೆ. ಹಳೆಯ ಮಿಸ್ಟ್ ಬ್ಲೋವರಿನಲ್ಲೇ ಅಂಗಳ ಊದಿ ನೋಡಿದವರಿಗೆ ಅದರ ಮಿತಿಯೂ ಗೊತ್ತು. ಸುಮಾರು 35 ಸಿಸಿಯ ಎಂಜಿನ್ನು ಹನಿಯನ್ನು ಮಂಜು ಮಾಡಲು ಸಾಕು. ರಾತ್ರಿಯ ಇಬ್ಬನಿಗೆ ನೆನೆದು ಒಂದರ ಮೇಲೊಂದು ಅಂಟಿದ ಹಲಸಿನೆಲೆಯನ್ನು ಏಳಿಸಲು ಸಾಲದು.

ಅಂಗಡಿಗೆ ಹೋಗಿ "ಇದರ ಗಾಳಿ ಹೇಗಿದೆ?" ಎಂದು ಕೇಳಿ. "ಗಂಟೆಗೆ ಮುನ್ನೂರು ಕಿಲೋಮೀಟರ್ ಸಾರ್!" ಎನ್ನುತ್ತಾರೆ. ಮುನ್ನೂರು ಎಂದೊಡನೆ ನಮಗೆ ಚಂಡಮಾರುತ ನೆನಪಾಗುತ್ತದೆ, ಕೈ ಜೇಬಿಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಗಾಳಿಗೆ ಎರಡು ಅಳತೆ ಇದೆ. ಒಂದು ವೇಗ, ಇನ್ನೊಂದು ಪ್ರಮಾಣ, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಹೊರಬೀಳುತ್ತದೆ ಎಂಬುದು. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ದೂರ ಚಿಮ್ಮುತ್ತದೆ, ಆದರೆ ಕೊಡ ಬೇಗ ತುಂಬುವುದಿಲ್ಲ. ಕೊಳವೆಯ ಬಾಯಿಯನ್ನು ಕಿರಿದು ಮಾಡಿ ವೇಗದ ಸಂಖ್ಯೆಯನ್ನು ಹಿಗ್ಗಿಸುವುದು ಅಷ್ಟೇ ಸುಲಭ. ಕೈಯಲ್ಲಿ ಹಿಡಿಯುವ ಚಿಕ್ಕ ಯಂತ್ರಗಳ ಡಬ್ಬಿಯ ಮೇಲೂ ದೊಡ್ಡ ವೇಗ ಅಚ್ಚಾಗಿರುವುದು ಇದೇ ಕಾರಣಕ್ಕೆ.

ಎಲೆಯನ್ನು ತಳ್ಳುವ ಬಲ ಈ ಎರಡರ ಗುಣಾಕಾರ. ಲೆಕ್ಕ ಕಷ್ಟದ್ದಲ್ಲ. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ಎರಡು ಯಂತ್ರಗಳಿವೆ ಎಂದುಕೊಳ್ಳಿ, ಎರಡರ ವೇಗವೂ ಗಂಟೆಗೆ 300 ಕಿಲೋಮೀಟರ್, ಅಂದರೆ ಸೆಕೆಂಡಿಗೆ 83 ಮೀಟರ್. ಮೊದಲನೆಯದು ಗಂಟೆಗೆ 500 ಘನ ಮೀಟರ್ ಗಾಳಿ ಬಿಡುತ್ತದೆ, ಎರಡನೆಯದು 1,150. ಗಂಟೆಯ ಪ್ರಮಾಣವನ್ನು ಸೆಕೆಂಡಿಗೆ ಇಳಿಸಿ ಗುಣಿಸಿ ನೋಡಿದರೆ ಮೊದಲನೆಯದರ ತಳ್ಳುವ ಬಲ ಸುಮಾರು 14 ನ್ಯೂಟನ್, ಎರಡನೆಯದರದು 32. ನ್ಯೂಟನ್ ಎಂಬುದು ಬಲದ ಅಳತೆ. ಹತ್ತು ನ್ಯೂಟನ್ ಎಂದರೆ ಹೆಚ್ಚುಕಡಿಮೆ ಒಂದು ಕಿಲೋ ತೂಕ ಒತ್ತುವಷ್ಟು. ವೇಗದ ಸಂಖ್ಯೆ ಒಂದೇ, ಕೆಲಸದಲ್ಲಿ ಮಾತ್ರ ಎರಡು ಪಟ್ಟಿಗೂ ಮೀರಿದ ವ್ಯತ್ಯಾಸ. ಒಳ್ಳೆಯ ತಯಾರಕರು ಈ ನ್ಯೂಟನ್ ಲೆಕ್ಕವನ್ನು ತಾವೇ ಕೊಡುತ್ತಾರೆ. ಕ್ಯಾಟಲಾಗಿನಲ್ಲಿ ಮೊದಲು ಹುಡುಕಬೇಕಾದ ಸಂಖ್ಯೆ ಅದು. 65 ಸಿಸಿಯ ಒಳ್ಳೆಯ ಯಂತ್ರದಲ್ಲಿ 30ರ ಆಸುಪಾಸು, 75ರಿಂದ 80 ಸಿಸಿಯ ದೈತ್ಯಗಳಲ್ಲಿ 40ರ ಆಸುಪಾಸು ಇರುತ್ತದೆ.

ಗಾಳಿಯ ಪ್ರಮಾಣದಲ್ಲೂ ಒಂದು ಕಣ್ಕಟ್ಟು ಉಂಟು. ಕೊಳವೆ ಬಿಚ್ಚಿ ಫ್ಯಾನಿನ ಬಾಯಲ್ಲೇ ಅಳೆದರೆ ಒಂದು ಸಂಖ್ಯೆ, ಕೊಳವೆ ಜೋಡಿಸಿ ತುದಿಯಲ್ಲಿ ಅಳೆದರೆ ಇನ್ನೊಂದು. ಜರ್ಮನಿಯ ಹೆಸರಾಂತ 65 ಸಿಸಿ ಯಂತ್ರವೊಂದಕ್ಕೆ ಒಂದು ಕಡೆ ಗಂಟೆಗೆ 1,720 ಘನ ಮೀಟರ್ ಎಂದೂ ಇನ್ನೊಂದು ಕಡೆ ಸುಮಾರು 1,150 ಎಂದೂ ಕಾಣುವುದು ಇದರಿಂದಲೇ. ಎರಡೂ ಸುಳ್ಳಲ್ಲ. ಆದರೆ ಒಂದು ಕಂಪನಿಯ ಕೊಳವೆ ಇಲ್ಲದ ಲೆಕ್ಕವನ್ನು ಇನ್ನೊಂದು ಕಂಪನಿಯ ಕೊಳವೆ ಇರುವ ಲೆಕ್ಕದ ಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗುವವರು ನಾವು. ಅಮೆರಿಕದ ಕ್ಯಾಟಲಾಗುಗಳು ಸಿಎಫ್‌ಎಂ ಎಂಬ ಅಳತೆಯಲ್ಲಿ ಹೇಳುತ್ತವೆ, ಅದನ್ನು 1.7ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಘನ ಮೀಟರ್ ಎಂಬುದು ಸಿಗುತ್ತದೆ.

ಕ್ಯಾಟಲಾಗೇ ಇಲ್ಲದ ಯಂತ್ರವಾದರೆ? ಅಂಗಡಿಯ ತಕ್ಕಡಿ ಕೇಳಿ. ತಮಾಷೆಯಲ್ಲ. ಅಕ್ಕಿ ತೂಗುವ ಎಲೆಕ್ಟ್ರಾನಿಕ್ ತೂಕದ ಯಂತ್ರದ ಮೇಲೆ ಅಗಲವಾದ ಹಲಗೆ ಇಟ್ಟು, ಸೊನ್ನೆ ಮಾಡಿ, ಬ್ಲೋವರಿನ ಮೂತಿಯನ್ನು ಎರಡಡಿ ಮೇಲಿನಿಂದ ನೇರ ಕೆಳಕ್ಕೆ ಹಿಡಿದು ಪೂರ್ತಿ ರೇಸ್ ಮಾಡಿ. ಮೂರು ಕಿಲೋ ದಾಟಿದರೆ ತೋಟದ ಕೆಲಸಕ್ಕೆ ಧಾರಾಳ. ಒಂದೂವರೆ ಕಿಲೋ ತೋರಿಸಿದರೆ ಅದು ಅಂಗಳದ ಯಂತ್ರ. ಅಂಗಡಿಯವರು ಒಂದು ಕ್ಷಣ ನಿಮ್ಮ ಮುಖ ನೋಡಬಹುದು, ನೋಡಲಿ.

ಕೊಳವೆಯ ಮೂತಿಯ ಅಗಲವನ್ನೂ ಗಮನಿಸಿ. ಕೊಳವೆಯಿಂದ ಹೊರಬಿದ್ದ ಗಾಳಿ ಮೂತಿಯ ವ್ಯಾಸದ ಐದಾರು ಪಟ್ಟು ದೂರದವರೆಗೆ ಮಾತ್ರ ನಡುವಿನ ವೇಗವನ್ನು ಪೂರ್ತಿ ಉಳಿಸಿಕೊಳ್ಳುತ್ತದೆ, ಅಲ್ಲಿಂದ ಮುಂದೆ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಸೊರಗುತ್ತ ಹೋಗುತ್ತದೆ. ಐದು ಸೆಂಟಿಮೀಟರ್ ಮೂತಿಯಾದರೆ ಒಂದಡಿ, ಏಳೂವರೆಯಾದರೆ ಒಂದೂವರೆ ಅಡಿ. ದೊಡ್ಡ ಮೂತಿಯವರು ನೆಟ್ಟಗೆ ನಿಂತೇ ಊದಬಹುದು, ಚಿಕ್ಕ ಮೂತಿಯವರು ಎಲೆಯ ಹತ್ತಿರಕ್ಕೆ ಬಗ್ಗಲೇಬೇಕು. ಬೆನ್ನಿನ ಯಂತ್ರ ಕೊಂಡೂ ಬಗ್ಗುವುದಾದರೆ ಹಿಡಿಸೂಡಿ ಏನು ತಪ್ಪು ಮಾಡಿತ್ತು? ನೆಲಕ್ಕೆ ಅಂಟಿದ ಒದ್ದೆ ಎಲೆ ಏಳಿಸಲು ಚಪ್ಪಟೆ ಮೂತಿ ಬೇಕಾಗುತ್ತದೆ, ಅಲ್ಲಿ ವೇಗಕ್ಕೇ ಬೆಲೆ. ಎದ್ದ ಎಲೆಯನ್ನು ರಾಶಿಯಾಗಿ ತಳ್ಳಿಕೊಂಡು ಹೋಗಲು ದುಂಡನೆಯ ದೊಡ್ಡ ಮೂತಿ. ಎರಡೂ ಜೊತೆಗೆ ಬರುತ್ತವೆಯೇ ಎಂದು ಕೇಳಿ.

ಹಾಗಾದರೆ 80 ಸಿಸಿಯದನ್ನೇ ಕೊಂಡುಬಿಡೋಣವೇ? ಇಲ್ಲಿ ನನ್ನ ಅಭಿಪ್ರಾಯ ಖಂಡಿತ: ನಮ್ಮ ಗುಡ್ಡಗಳಿಗೆ ಬೇಡ. 65 ಸಿಸಿಯ ಯಂತ್ರ ಪೆಟ್ರೋಲ್ ಇಲ್ಲದೆ ಹತ್ತು ಕಿಲೋ ಹತ್ತಿರ ತೂಗುತ್ತದೆ. ಟ್ಯಾಂಕು ತುಂಬಿದರೆ ಹನ್ನೊಂದು. ದೈತ್ಯ ಯಂತ್ರಗಳು ಪೆಟ್ರೋಲ್ ಸೇರಿ ಹನ್ನೆರಡು ಹದಿಮೂರು ಕಿಲೋ ಮುಟ್ಟುತ್ತವೆ. ಸಮತಟ್ಟಾದ ಗಾಲ್ಫ್ ಮೈದಾನಕ್ಕೆ ಅವು ಸರಿ. ಒಣಗಿದ ಎಲೆಯ ಮೇಲೆ ಕಾಲು ಜಾರುವ ಇಳಿಜಾರಿನಲ್ಲಿ, ಕಾಫಿ ಗಿಡದ ರೆಕ್ಕೆಗಳ ನಡುವೆ ನುಸುಳಿಕೊಂಡು ಹೋಗುವಾಗ ಆ ಒಂದೆರಡು ಕಿಲೋ ಸಂಜೆಯ ಹೊತ್ತಿಗೆ ಹತ್ತು ಕಿಲೋ ಆಗಿರುತ್ತದೆ. ದುಡ್ಡು ಕೊಡುವ ಯಜಮಾನರು ಅಂಗಡಿಯಲ್ಲಿ ಎರಡು ನಿಮಿಷ ಬೆನ್ನಿಗೆ ಹಾಕಿ ನೋಡಿ "ಪರವಾಗಿಲ್ಲ, ಹಗುರ ಇದೆ" ಎನ್ನುತ್ತಾರೆ. ತೋಟದಲ್ಲಿ ಅದನ್ನು ದಿನವಿಡೀ ಹೊರುವವರು ಬೇರೆ. ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಪಟ್ಟಿ ಅವರ ಎತ್ತರಕ್ಕೆ ಹೊಂದುತ್ತದೆಯೇ, ಸೊಂಟಕ್ಕೆ ಬೆಲ್ಟು ಇದೆಯೇ, ಬೆನ್ನು ಮತ್ತು ಎಂಜಿನ್ನಿನ ನಡುವೆ ನಡುಕ ತಡೆಯುವ ಸ್ಪ್ರಿಂಗು ಇದೆಯೇ, ಎಕ್ಸಿಲೇಟರ್ ಹಿಡಿ ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆಯೇ ಎಂಬುದನ್ನೆಲ್ಲ ಅವರೇ ನೋಡಲಿ. ಹೆಂಗಸರು ಯಂತ್ರ ಓಡಿಸುವ ತೋಟಗಳೂ ಈಗ ಇವೆ. ಅಲ್ಲಿ 50 ಸಿಸಿಯ ಹಗುರ ಯಂತ್ರ ಕೊಂಡು ಎರಡು ಸುತ್ತು ಹೆಚ್ಚು ಊದುವುದು ಜಾಣತನ.

ಶಕ್ತಿಯ ಮಾತು ಇಷ್ಟು ಸಾಕು. ನಂಬಿಕೆಯ ಮಾತು, ಅಂದರೆ ಬೇಕಾದಾಗ ಯಂತ್ರ ಕೈಕೊಡುವುದಿಲ್ಲವೇ ಎಂಬುದು, ಇನ್ನೂ ಮುಖ್ಯ. ಈ ಯಂತ್ರವನ್ನು ನಮ್ಮ ರಾಜ್ಯದಲ್ಲಿ ಜೀವ ಪಣಕ್ಕಿಟ್ಟು ಬಳಸುವವರು ಅರಣ್ಯ ಇಲಾಖೆಯ ಸಿಬ್ಬಂದಿ ಮತ್ತು ಬೇಸಿಗೆಗೆಂದು ನೇಮಿಸಿಕೊಳ್ಳುವ ಬೆಂಕಿ ವಾಚರುಗಳು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನಿಮಗೆ ನೆನಪಿರಬಹುದು. ಎಲೆ ಉದುರಿಸುವ ತೇಗ, ದಿಂಡಿಗ, ಮತ್ತಿಯ ಕಾಡುಗಳಲ್ಲಿ ಬೇಸಿಗೆಯ ಬೆಂಕಿ ಹೆಚ್ಚಾಗಿ ನೆಲದ ಮೇಲಿನ ತರಗೆಲೆಯಲ್ಲಿ ಹರಿಯುತ್ತದೆ. ಎಲೆಯಿಲ್ಲದ ಒಂದು ಪಟ್ಟಿ ಸಿಕ್ಕರೆ ಅಲ್ಲಿಗೆ ನಿಲ್ಲುತ್ತದೆ. ಅದಕ್ಕೇ ಬೇಸಿಗೆಗೆ ಮುಂಚೆ ಬೆಂಕಿ ರೇಖೆ ತೆಗೆಯುತ್ತಾರೆ. ಆದರೆ ಇವತ್ತು ಗುಡಿಸಿದ ರೇಖೆಯ ಮೇಲೆ ವಾರದೊಳಗೆ ಮತ್ತೆ ಎಲೆ ಬಿದ್ದಿರುತ್ತದೆ. ಮತ್ತೆ ಮತ್ತೆ ಗುಡಿಸುವ ಈ ಕೆಲಸದಲ್ಲಿ ಬ್ಲೋವರ್ ಅವರ ಕೈಹಿಡಿದಿದೆ. ಬೆಂಕಿ ಬಿದ್ದಾಗಲೂ ಅಷ್ಟೆ. ಹಿಂದೆ ಹಸಿಸೊಪ್ಪಿನ ಕೊಂಬೆ ಮುರಿದು ಬಡಿಯುವುದೊಂದೇ ದಾರಿ. ಈಗ ಬ್ಲೋವರಿನವರು ಉರಿಯ ಅಂಚಿನ ಎಲೆಯನ್ನು ಈಗಾಗಲೇ ಸುಟ್ಟ ಕಡೆಗೇ ಊದಿ ಹಾಕುತ್ತಾರೆ, ಹಿಂದಿನಿಂದ ಬರುವವರು ಉಳಿದ ಕಿಡಿಯನ್ನು ಬಡಿಯುತ್ತಾರೆ. ಕೋನ ತಪ್ಪಿದರೆ ಅದೇ ಗಾಳಿ ಬೆಂಕಿಗೆ ತಿದಿಯಾಗುತ್ತದೆ. ಲಂಟಾನದ ಪೊದೆಗೆ ಉರಿ ಏರಿದ ಮೇಲೆ ಬ್ಲೋವರಿನ ಆಟ ನಡೆಯುವುದಿಲ್ಲ, ಹಿಂದೆ ಸರಿಯಲೇಬೇಕು. ಬೆನ್ನ ಮೇಲೆ ಇರುವುದು ಒಂದೂವರೆ ಲೀಟರ್ ಪೆಟ್ರೋಲ್, ಮರೆಯಬಾರದು. ಇದನ್ನು ಹೇಳಿದ್ದು ತೋಟಕ್ಕೆ ಬೆಂಕಿ ಬಿದ್ದಾಗ ನೀವೂ ನುಗ್ಗಿ ಎಂದಲ್ಲ.

ಅಂಥ ಜಾಗದಲ್ಲಿ ನಿಂತವರಿಗೆ ಯಂತ್ರದಿಂದ ಬೇಕಾದ್ದು ಒಂದೇ ಗುಣ: ಬಿಸಿಯಾಗಿದ್ದಾಗ ಆರಿಸಿ, ಪೆಟ್ರೋಲ್ ತುಂಬಿ, ಮತ್ತೆ ಹಗ್ಗ ಎಳೆದರೆ ತಕ್ಷಣ ಹೊತ್ತಿಕೊಳ್ಳಬೇಕು. ತಣ್ಣಗಿರುವಾಗ ಯಾವ ಯಂತ್ರವಾದರೂ ಅಂಗಡಿಯಲ್ಲಿ ಚಾಲೂ ಆಗುತ್ತದೆ. ಅದು ಪರೀಕ್ಷೆಯಲ್ಲ. ಹತ್ತು ನಿಮಿಷ ಪೂರ್ಣ ವೇಗದಲ್ಲಿ ಓಡಿಸಿ, ಆರಿಸಿ, ಐದು ನಿಮಿಷ ಬಿಟ್ಟು ಹಗ್ಗ ಎಳೆಯಿರಿ. ಎರಡು ಮೂರು ಎಳೆತಕ್ಕೆ ಬಂದರೆ ಕೊಳ್ಳಬಹುದು. ಹತ್ತು ಎಳೆದು ಬೆವರು ಒರೆಸಿಕೊಳ್ಳಬೇಕಾಯಿತೋ, ಮಾರುವವರು "ಹೊಸದು ಅಲ್ವಾ ಸಾರ್, ಆಮೇಲೆ ಸರಿಹೋಗ್ತದೆ" ಎಂದರೂ ಅಲ್ಲಿಯೇ ಬಿಟ್ಟು ಬನ್ನಿ.

ಎಂಜಿನ್ನಿನಲ್ಲಿ ಮೂರು ಜಾತಿ. ಹೆಚ್ಚಿನವು ಟೂ ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಇನ್ನೊಂದು ಫೋರ್ ಸ್ಟ್ರೋಕ್, ಅದಕ್ಕೆ ಬೆರೆಸುವ ತಾಪತ್ರಯವಿಲ್ಲ, ಬೈಕಿನ ಹಾಗೆ ಆಯಿಲ್ ಬೇರೆಯೇ ಇರುತ್ತದೆ, ಅದರ ಮಟ್ಟ ನೋಡುತ್ತಿರಬೇಕು. ಇವೆರಡರ ನಡುವಿನದೊಂದಿದೆ: ಒಳಗೆ ಫೋರ್ ಸ್ಟ್ರೋಕಿನಂತೆ ವಾಲ್ವುಗಳಿದ್ದರೂ ಕುಡಿಯುವುದು ಆಯಿಲ್ ಬೆರೆಸಿದ ಪೆಟ್ರೋಲನ್ನೇ. ಕೊಳ್ಳುವವರು ಅದರ ವಾಲ್ವಿನ ಸಂದನ್ನು ಆಗಾಗ ಸರಿಮಾಡಿಸಬೇಕೆಂಬುದನ್ನು ತಿಳಿದಿರಬೇಕು. ಅದನ್ನು ಮರೆತು, ಕೆಲವು ವರ್ಷದ ಮೇಲೆ "ಎಂಜಿನ್ ಹೋಯ್ತು" ಎಂದು ಮೂಲೆಗಿಟ್ಟವರಿದ್ದಾರೆ. ಹೋಗಿರುವುದು ಎಂಜಿನ್ನಲ್ಲ, ಆ ಸಂದು.

ಈಗ ಪೆಟ್ರೋಲ್. ಇಂದು ನಮ್ಮ ಬಂಕುಗಳಲ್ಲಿ ಸಿಗುವುದು ಇ20, ಲೀಟರಿನಲ್ಲಿ ಇನ್ನೂರು ಮಿಲಿ ಎಥೆನಾಲ್. ಕಾರು ಬೈಕುಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ, ಈ ಚಿಕ್ಕ ಎಂಜಿನ್ನುಗಳ ಗೋಳನ್ನು ಕೇಳಿದವರು ಕಡಿಮೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆಗುಂಬೆಯ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ಹಾಗೇ ಬಿಟ್ಟರೆ ಹೀರಿದ ನೀರು ಹೆಚ್ಚಾಗಿ, ನೀರೂ ಎಥೆನಾಲೂ ಒಂದಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ನೀವು ಅಳೆದು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ನು ಹೀರುವ ನಳಿಕೆ ಇರುವುದು ತಳದಲ್ಲಿ. ಅಂದರೆ ಮೊದಲ ಎಳೆತಕ್ಕೆ ಪಿಸ್ಟನ್ನಿಗೆ ಸಿಗುವುದು ಆಯಿಲ್ ಇಲ್ಲದ ನೀರುಮಿಶ್ರಣ. ಜೊತೆಗೆ ಎಥೆನಾಲ್ ರಬ್ಬರ್ ನಳಿಕೆಗಳನ್ನೂ ಕಾರ್ಬೊರೇಟರಿನ ತೆಳು ಪೊರೆಯನ್ನೂ ಹಾಳು ಮಾಡುತ್ತದೆ. ವಿದೇಶದ ಹಲವು ತಯಾರಕರು ತಮ್ಮ ಚಿಕ್ಕ ಎಂಜಿನ್ನುಗಳಿಗೆ ಶೇಕಡಾ 10ಕ್ಕಿಂತ ಹೆಚ್ಚು ಎಥೆನಾಲ್ ಕೂಡದೆಂದೇ ಕೈಪಿಡಿಯಲ್ಲಿ ಬರೆದಿದ್ದಾರೆ. ಆದ್ದರಿಂದ "ಈ ಮಾಡೆಲ್ ಇ20ಗೆ ಆಗುತ್ತದೆ ಎಂದು ಕೈಪಿಡಿಯಲ್ಲಿ ಎಲ್ಲಿದೆ, ತೋರಿಸಿ" ಎಂದು ಕೇಳಿ. ಬಾಯಿಮಾತು ಬೇಡ, ಗ್ಯಾರಂಟಿಯ ಜಗಳ ಬರುವುದು ಇಲ್ಲಿಯೇ.

ಆಯಿಲ್ ಬೆರೆಸುವ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕೈಪಿಡಿ ಐವತ್ತಕ್ಕೊಂದು ಎಂದರೆ ಲೀಟರಿಗೆ 20 ಮಿಲಿ. ಇಪ್ಪತ್ತೈದಕ್ಕೊಂದು ಎಂದರೆ 40. "ಇರಲಿ ಒಂಚೂರು ಜಾಸ್ತಿ, ಎಂಜಿನ್ನಿಗೆ ಒಳ್ಳೆಯದು" ಎಂದು ಅಂದಾಜಿನಲ್ಲಿ ಸುರಿದರೆ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ, ಗಾಳಿ ಇಳಿಯುತ್ತದೆ. ಮಕ್ಕಳ ಔಷಧಿಯ ಅಳತೆ ಮುಚ್ಚಳ ಇದಕ್ಕೆ ಸಾಕು. ಪೂರ್ಣ ವೇಗದಲ್ಲಿ ದೊಡ್ಡ ಯಂತ್ರ ಗಂಟೆಗೆ ಒಂದು ಲೀಟರಿಗಿಂತ ಹೆಚ್ಚೇ ಕುಡಿಯುತ್ತದೆ. ವಾರಕ್ಕೆ ಬೇಕಾದಷ್ಟನ್ನೇ ಬೆರೆಸಿ ಇಡಿ, ಹಳೆಯದನ್ನು ತುಂಬಬೇಡಿ.

ಬೆಲೆಯ ವಿಷಯದಲ್ಲಿ ಅಗ್ಗದ ಯಂತ್ರಕ್ಕೂ ಹೆಸರಾಂತ ಯಂತ್ರಕ್ಕೂ ಹಲವು ಪಟ್ಟು ಅಂತರವಿದೆ. ಅಗ್ಗದ್ದೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. ವರ್ಷಕ್ಕೆ ನಾಲ್ಕು ದಿನ ಅಂಗಳ ಊದುವವರಿಗೆ ಅದು ಸಾಕು. ಆದರೆ ಕೊಳ್ಳುವ ಮೊದಲು ನಿಮ್ಮ ಪೇಟೆಯ ಮೆಕ್ಯಾನಿಕರ ಹತ್ತಿರ ಹೋಗಿ. ಸ್ಟಾರ್ಟರ್ ಹಗ್ಗ, ಪ್ಲಗ್, ಏರ್ ಫಿಲ್ಟರ್, ಕಾರ್ಬೊರೇಟರ್ ಪೊರೆ, ಪೆಟ್ರೋಲ್ ನಳಿಕೆ, ಈ ಐದು ಸ್ಪೇರು ಅವರ ಕಪಾಟಿನಲ್ಲಿ ಇವೆಯೇ? "ತರಿಸಿಕೊಡ್ತೇನೆ" ಎಂಬ ಉತ್ತರಕ್ಕೂ "ಇದೆ" ಎಂಬ ಉತ್ತರಕ್ಕೂ ನಡುವೆ ಒಂದು ಹಂಗಾಮು ಕಳೆದುಹೋಗುತ್ತದೆ. ಗೇರುಬೀಜ ನಿಮ್ಮ ಸ್ಪೇರು ಬರುವವರೆಗೆ ಮರದಲ್ಲಿ ಕಾಯುವುದಿಲ್ಲ. ಸಾಗರದಲ್ಲಿ ಚೆನ್ನಾಗಿ ಸರ್ವಿಸ್ ಸಿಗುವ ಯಂತ್ರ ಸುಳ್ಯದಲ್ಲಿ ಅನಾಥವಾಗಿರಬಹುದು. ಹಾಗಾಗಿ ಸಂಬಂಧಿಕರ ಶಿಫಾರಸಿಗಿಂತ ನಿಮ್ಮ ಪೇಟೆಯ ಕಪಾಟು ದೊಡ್ಡದು.

ಬ್ಯಾಟರಿ ಬ್ಲೋವರ್ ಬಗ್ಗೆ ಕೇಳುವವರಿದ್ದಾರೆ. ಸದ್ದು ಕಡಿಮೆ, ಹೊಗೆಯಿಲ್ಲ, ಹಗ್ಗ ಎಳೆಯಬೇಕಿಲ್ಲ. ಕ್ಯಾಲಿಫೋರ್ನಿಯಾದ ಕಾರ್ಮೆಲ್ ಎಂಬ ಊರು ಪೆಟ್ರೋಲ್ ಬ್ಲೋವರಿನ ಗಲಾಟೆಗೆ ಬೇಸತ್ತು 1975ರಲ್ಲೇ ನಿಷೇಧ ಹಾಕಿತ್ತು. ಈಗ ಆ ಇಡೀ ರಾಜ್ಯವೇ 2024ರಿಂದ ಹೊಸ ಪೆಟ್ರೋಲ್ ಬ್ಲೋವರುಗಳ ಮಾರಾಟಕ್ಕೆ ಕಡಿವಾಣ ಹಾಕಿದೆ. ಒಂದು ಗಂಟೆ ಪೆಟ್ರೋಲ್ ಬ್ಲೋವರ್ ಓಡಿದರೆ ಹೊಗೆಮಂಜಿಗೆ ಕಾರಣವಾಗುವ ಮಾಲಿನ್ಯ ಕಾರೊಂದು 1,700 ಕಿಲೋಮೀಟರಿಗೂ ಹೆಚ್ಚು ಓಡಿದಾಗ ಬರುವಷ್ಟಿರುತ್ತದೆ ಎಂಬುದು ಅಲ್ಲಿನ ವಾಯು ಮಂಡಳಿಯ ಲೆಕ್ಕ. ಇಷ್ಟಿದ್ದರೂ ನಮ್ಮ ದೊಡ್ಡ ತೋಟಗಳಿಗೆ ಬ್ಯಾಟರಿ ಇನ್ನೂ ಸಾಲದು. ಪೂರ್ಣ ವೇಗದಲ್ಲಿ ಬೆನ್ನಿನ ಬ್ಯಾಟರಿ ಒಂದು ಗಂಟೆ ಬಾಳುವುದೂ ಕಷ್ಟ, ಕರೆಂಟು ಬರುವ ಹೊತ್ತು ನಮ್ಮ ಕೈಯಲ್ಲಿಲ್ಲ. ಹೋಂಸ್ಟೇ ನಡೆಸುವವರು, ದೇವಸ್ಥಾನದ ಪ್ರಾಂಗಣ, ಶಾಲೆಯ ಮೈದಾನ ಇಂಥಲ್ಲಿಗಾದರೆ ಬ್ಯಾಟರಿಯನ್ನೇ ಕೊಳ್ಳಿ.

ಪೆಟ್ರೋಲ್ ಯಂತ್ರದ ಸದ್ದು ಓಡಿಸುವವರ ಕಿವಿಯ ಬಳಿ ನೂರು ಡೆಸಿಬೆಲ್ ಮುಟ್ಟುವುದುಂಟು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪ್ರಕಾರ 85 ಡೆಸಿಬೆಲನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು, ಮೂರು ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ ನೂರಕ್ಕೆ ಸಿಗುವುದು ಹದಿನೈದೇ ನಿಮಿಷ. ಕಿವಿಗೆ ಇಯರ್ ಮಫ್, ಕಣ್ಣಿಗೆ ಕನ್ನಡಕ, ಮೂಗಿಗೆ ದೂಳು ತಡೆಯುವ ಮಾಸ್ಕು ಇವನ್ನು ಯಂತ್ರದ ಬಿಲ್ಲಿನಲ್ಲೇ ಸೇರಿಸಿ ತನ್ನಿ. ಆಮೇಲೆ ತರುತ್ತೇನೆಂದವರು ತಂದದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಮಾತು, ಯಂತ್ರ ಬಂದ ಹೊಸ ಉತ್ಸಾಹದಲ್ಲಿ ತೋಟವನ್ನೆಲ್ಲ ಬೋಳು ಮಾಡಬೇಡಿ. ಎಲೆಯ ಹಾಸು ನೆಲದ ತೇವ ಕಾಯುತ್ತದೆ, ಮೊದಲ ಮಳೆಗೆ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ. ಗೇರಿನ ಬುಡದಲ್ಲಿ ಬೀಜ ಬೀಳುವಷ್ಟು ಅಗಲ, ಕಾಫಿಯಲ್ಲಿ ಹಣ್ಣು ಆಯುವಷ್ಟು ಜಾಗ, ರಸ್ತೆ, ಚರಂಡಿ, ಬೇಲಿಯ ಅಂಚಿನ ಬೆಂಕಿ ಪಟ್ಟಿ, ಇಷ್ಟು ಸಾಕು. ಕಾಫಿ ಹಣ್ಣಿರುವಲ್ಲಿ ಎಕ್ಸಿಲೇಟರ್ ಅರ್ಧಕ್ಕಿಂತ ಕೆಳಗಿರಲಿ. ಎಲೆ ಮಾತ್ರ ಹಾರಬೇಕು, ಒಣಗಿ ಹಗುರಾದ ಹಣ್ಣು ಜೊತೆಗೆ ಹಾರಿ ಪಕ್ಕದ ಪೊದೆ ಸೇರಿದರೆ ಹುಳವೂ ಅಲ್ಲಿಗೇ ಹೋಯಿತು.

ಮೇ ತಿಂಗಳಲ್ಲಿ ಕೆಲಸ ಮುಗಿದ ಮೇಲೆ ಟ್ಯಾಂಕು ಪೂರ್ತಿ ಬರಿದು ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿದು ಯಂತ್ರ ತಾನಾಗಿ ಆರುವವರೆಗೆ ಓಡಿಸಿ. ಏರ್ ಫಿಲ್ಟರ್ ತೆಗೆದು ದೂಳು ಕೊಡವಿ. ಕೊಳವೆಯ ಎರಡೂ ಬಾಯಿಗೆ ಬಟ್ಟೆ ಕಟ್ಟಿ, ಕುಂಬಾರ ಹುಳಕ್ಕೆ ಅದಕ್ಕಿಂತ ಒಳ್ಳೆಯ ಮನೆ ಬೇರೆ ಸಿಗದು. ಯಂತ್ರವನ್ನು ನೆಲದ ಮೇಲೆ ಇಡದೆ ಗೋಡೆಯ ಮೊಳೆಗೆ ತೂಗುಹಾಕಿದರೆ ಇಲಿಯ ಕಾಟವೂ ತಪ್ಪುತ್ತದೆ. ನವೆಂಬರಿನಲ್ಲಿ ಇಳಿಸಿದಾಗ ಹೊಸ ಪೆಟ್ರೋಲ್, ಹೊಸ ಪ್ಲಗ್ ಹಾಕಿ. ಸರ್ವಿಸ್ ಬೇಕಿದ್ದರೆ ಆಗಲೇ ಕೊಟ್ಟುಬಿಡಿ. ಜನವರಿಯಲ್ಲಿ ಮೆಕ್ಯಾನಿಕರ ಅಂಗಡಿಯ ಮುಂದೆ ಎಲ್ಲರ ಬ್ಲೋವರೂ ಸಾಲಾಗಿ ನಿಂತಿರುತ್ತವೆ.